ದಿನಾಂಕದ ಬರಹದಿಂದ ಕಾಲಾಂಕಕ್ಕೆ: ಗಣಕಸೂಚಿಗಳಲ್ಲಿ ಕಾಲನಿರ್ದೇಶನದ ಕೆಲವು ಸಮಸ್ಯೆಗಳು

೧. ಪೀಠಿಕೆ

ಕರ್ನಾಟಕದ ಹೊರಗಿದ್ದು ಕನ್ನಡದ ಸಂಶೋಧನೆಯಲ್ಲಿ ತೊಡಗಿರುವವರಿಗೆ ಮೂಲ ಸಾಮಗ್ರಿ ಒಂದೆಡೆ ದೊರೆಯುವುದು ವಿರಳ. ಮುಂಬಯಿಯ ಒಂದು ಮನೆಯಲ್ಲಿ ಪತ್ರಗಳ ಕಟ್ಟು, ಪುಣೆಯ ಒಂದು ಸಂಘದಲ್ಲಿ ವಾರ್ಷಿಕ ವರದಿಗಳು, ಹೈದರಾಬಾದಿನಲ್ಲಿ ಸಂಸ್ಥಾನಕಾಲದ ಕಡತಗಳು, ಚೆನ್ನೈಯಲ್ಲಿ ಹಳೆಯ ಮುದ್ರಿತ ಗ್ರಂಥಗಳು ಹೀಗೆ ಚದುರಿಹೋಗಿರುತ್ತವೆ. ಇವನ್ನೆಲ್ಲ ಒಂದು ಗಣಕಸೂಚಿಯಲ್ಲಿ ಸೇರಿಸಿ ಕಾಲಕ್ರಮದಲ್ಲಿ ಜೋಡಿಸುವುದು ಈಗ ಸಾಧ್ಯವಾಗಿದೆ. ಆದರೆ ಗಣಕಯಂತ್ರವು ದಿನಾಂಕದ ಬರಹವನ್ನು ಬರಹವಾಗಿಯೇ ಇಟ್ಟುಕೊಂಡು ಕಾಲಕ್ರಮವನ್ನು ತಿಳಿಯಲಾರದು. ಅದಕ್ಕೆ ಸಂಖ್ಯೆ ಬೇಕು. ಇಂಗ್ಲಿಷಿನಲ್ಲಿ ಟೈಮ್‌ಸ್ಟ್ಯಾಂಪ್ ಎಂದು ಕರೆಯಲಾಗುವ ಈ ಸಂಖ್ಯೆಯನ್ನು ಪ್ರಸ್ತುತ ಲೇಖನದಲ್ಲಿ ನಾವು 'ಕಾಲಾಂಕ' ಎಂದು ಕರೆದಿದ್ದೇವೆ. ಬರಹವು ಕಾಲಾಂಕವಾಗುವ ಬಗೆ ಯಾವುದು, ಆ ಪರಿವರ್ತನೆಯಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ.

ಈ ವಿಚಾರಕ್ಕೆ ನಾವು ಕೈಹಾಕಲು ಒಂದು ಕಾರಣವಿದೆ. ಮುಂಬಯಿಯ ಲೇಖಕರೊಬ್ಬರಿಗೂ ಧಾರವಾಡದ ಸಂಪಾದಕರೊಬ್ಬರಿಗೂ ನಡೆದ ಪತ್ರವ್ಯವಹಾರವನ್ನು ಕೆಲವು ವರ್ಷಗಳ ಹಿಂದೆ ನಾವು ಗಣಕಕ್ಕೆ ಇಳಿಸಿದೆವು. ಮುಂಬಯಿಯ ಪತ್ರದ ಮೇಲೆ ೯-೪-೧೯೫೧ ಎಂದಿತ್ತು. ಧಾರವಾಡದಿಂದ ಬಂದ ಉತ್ತರದ ಮೇಲೆ ೧೩-೪-೧೯೫೧ ಎಂದಿತ್ತು. ಗಣಕವು ಇವನ್ನು ಜೋಡಿಸಿಕೊಟ್ಟಾಗ ಉತ್ತರವು ಮೊದಲಾಗಿ ಪತ್ರವು ಸುಮಾರು ಐದು ತಿಂಗಳ ಅನಂತರ ಬಂದಿತ್ತು! ಸಂಪಾದಕರೇ ಮೊದಲು ಕೈಚಾಚಿ ಹೊರನಾಡಿನ ಲೇಖಕರನ್ನು ಆಹ್ವಾನಿಸಿದರೆಂಬ ತೀರ್ಮಾನಕ್ಕೆ ಇದು ಆಧಾರವಾಯಿತು. ಒಂದು ಪ್ರಬಂಧದ ಅಧ್ಯಾಯವೂ ಆ ತೀರ್ಮಾನದ ಮೇಲೆ ಬೆಳೆಯತೊಡಗಿತು. ನಡೆದದ್ದು ಇಷ್ಟೆ. ನಾವು ಬಳಸಿದ ಕ್ರಮವಿಧಿಯು ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಓದುತ್ತಿತ್ತು. ಹೀಗಾಗಿ ೯-೪ ಎಂಬುದು ಸೆಪ್ಟೆಂಬರ್ ೪ ಆಯಿತು. ಆದರೆ ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ೧೩-೪ ಎಂಬುದನ್ನು ಮಾತ್ರ ಅದು ತಾನಾಗಿಯೇ ತಿರುಗಿಸಿ ಏಪ್ರಿಲ್ ೧೩ ಎಂದು ಸರಿಯಾಗಿ ಓದಿಕೊಂಡಿತು. ಒಂದೇ ಕಟ್ಟಿನ ಎರಡು ಪತ್ರಗಳಿಗೆ ಎರಡು ನಿಯಮಗಳು ಅನ್ವಯವಾದವು. ತಪ್ಪೆಂಬ ಎಚ್ಚರಿಕೆ ಎಲ್ಲಿಯೂ ಕಾಣಿಸಲಿಲ್ಲ.

ತಪ್ಪನ್ನು ಹಿಡಿದುಕೊಟ್ಟದ್ದು ಪತ್ರದ ಮೂಲೆಯಲ್ಲಿದ್ದ 'ಸೋಮವಾರ' ಎಂಬ ಒಂದು ಪದ. ೧೯೫೧ರ ಏಪ್ರಿಲ್ ೯ ಸೋಮವಾರ. ಸೆಪ್ಟೆಂಬರ್ ೪ ಮಂಗಳವಾರ. ದಿನಾಂಕದ ಅಂಕಣಕ್ಕೆ ವಾರ ಬೇಕಿಲ್ಲವೆಂದು ನಕಲು ಮಾಡುವಾಗ ನಾವು ಅದನ್ನು ಬಿಟ್ಟುಬಿಟ್ಟಿದ್ದೆವು. ಮೂಲ ಪತ್ರವನ್ನು ಮತ್ತೆ ನೋಡುವ ಸಂದರ್ಭ ಬಾರದಿದ್ದರೆ ತಪ್ಪು ಹಾಗೆಯೇ ಉಳಿಯುತ್ತಿತ್ತು. ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆಯೂ ಇದೇ: ಕಾಲಾಂಕವು ತಾನು ಹುಟ್ಟಿದ ಬರಹಕ್ಕಿಂತ ಯಾವಾಗಲೂ ಹೆಚ್ಚು ಖಚಿತವಾಗಿ ಕಾಣುತ್ತದೆ, ಆ ಖಚಿತತೆ ಬರಹದಿಂದ ಬಂದುದೇ, ಯಂತ್ರವು ಸೇರಿಸಿದ್ದೇ ಎಂಬುದನ್ನು ಬರಹವನ್ನು ಉಳಿಸಿಕೊಂಡಾಗ ಮಾತ್ರ ಹೇಳಲು ಸಾಧ್ಯ.

೨. ಅಹರ್ಗಣದ ಪರಂಪರೆ

ಕಾಲವನ್ನು ಒಂದು ನಿಶ್ಚಿತ ಆದಿಬಿಂದುವಿನಿಂದ ಎಣಿಸುವ ಕಲ್ಪನೆ ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ನಮ್ಮ ಜ್ಯೋತಿರ್ಗಣಿತದ ಗ್ರಂಥಗಳಲ್ಲಿ ಬರುವ ಅಹರ್ಗಣವೆಂದರೆ ಇಂಥದೇ ಎಣಿಕೆ. ಕಲಿಯುಗಾದಿಯಿಂದ, ಎಂದರೆ ಕ್ರಿ. ಪೂ. ೩೧೦೨ರ ಫೆಬ್ರವರಿ ೧೮ರ ಶುಕ್ರವಾರದಿಂದ ಇಷ್ಟದಿನದವರೆಗೆ ಕಳೆದ ದಿನಗಳ ಸಂಖ್ಯೆಯನ್ನು ಮೊದಲು ಪಡೆದು, ಗ್ರಹಗಳ ಸ್ಥಾನವನ್ನು ಅದರಿಂದ ಸಾಧಿಸುತ್ತಿದ್ದರು. ಆ ಸಂಖ್ಯೆಯನ್ನು ಏಳರಿಂದ ಭಾಗಿಸಿದರೆ ಉಳಿಯುವ ಶೇಷವು ವಾರವನ್ನು ಕೊಡುತ್ತಿತ್ತು. ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಗಣಿತಜ್ಞರು ಬಳಸುತ್ತಿದ್ದ ಪರೀಕ್ಷೆಯೂ ಅದೇ ಆಗಿತ್ತು.

ಯುರೋಪಿನಲ್ಲಿ ಜೋಸೆಫ್ ಸ್ಕಾಲಿಜರ್ ೧೫೮೩ರಲ್ಲಿ ಪ್ರತಿಪಾದಿಸಿದ ಕಾಲಾವಧಿಯನ್ನು ಆಧರಿಸಿ ಹತ್ತೊಂಬತ್ತನೆಯ ಶತಮಾನದ ಖಗೋಲಜ್ಞರು ಜೂಲಿಯನ್ ದಿನಸಂಖ್ಯೆಯನ್ನು ರೂಢಿಗೆ ತಂದರು. ಇದರ ಆದಿ ಕ್ರಿ. ಪೂ. ೪೭೧೩ರ ಜನವರಿ ೧ರ ಮಧ್ಯಾಹ್ನ. ಇಂದಿನ ಬಹುತೇಕ ಗಣಕವ್ಯವಸ್ಥೆಗಳು ಯುನಿಕ್ಸ್ ಪರಂಪರೆಯನ್ನು ಅನುಸರಿಸಿ ೧೯೭೦ರ ಜನವರಿ ೧ರ ಗ್ರೀನಿಚ್ ಮಧ್ಯರಾತ್ರಿಯನ್ನು ಆದಿಯಾಗಿಟ್ಟುಕೊಂಡು ಸೆಕೆಂಡುಗಳನ್ನು ಎಣಿಸುತ್ತವೆ. ಆ ದಿನದ ಜೂಲಿಯನ್ ದಿನಸಂಖ್ಯೆ ೨೪,೪೦,೫೮೮. ಕಲಿ ಅಹರ್ಗಣ ೧೮,೫೨,೧೨೨. ಆದಿಬಿಂದುಗಳು ಬೇರೆಬೇರೆಯಾದರೂ ಎಣಿಸುವ ತತ್ತ್ವ ಒಂದೇ. ಒಂದು ಎಣಿಕೆಯಿಂದ ಇನ್ನೊಂದಕ್ಕೆ ಹೋಗಲು ಕೂಡಿಸುವ ಇಲ್ಲವೇ ಕಳೆಯುವ ಕೆಲಸವಷ್ಟೇ ಇದೆ.

೩. ಪರಿವರ್ತನೆಯ ಕ್ರಮ

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಪಡೆದ ೧೯೭೩ರ ನವೆಂಬರ್ ೧ನ್ನು ತೆಗೆದುಕೊಳ್ಳೋಣ. ೧೯೭೦ರಿಂದ ೧೯೭೨ರ ಅಂತ್ಯದವರೆಗೆ ಮೂರು ವರ್ಷಗಳು, ೧,೦೯೫ ದಿನಗಳು. ೧೯೭೨ ಅಧಿಕವರ್ಷವಾದ್ದರಿಂದ ಇನ್ನೊಂದು ದಿನ, ಒಟ್ಟು ೧,೦೯೬. ೧೯೭೩ರ ಜನವರಿಯಿಂದ ಅಕ್ಟೋಬರ್ ಮುಗಿಯುವವರೆಗೆ ೩೦೪. ಎರಡನ್ನೂ ಕೂಡಿದರೆ ಸರಿಯಾಗಿ ೧,೪೦೦ ದಿನಗಳು. ದಿನಕ್ಕೆ ೮೬,೪೦೦ ಸೆಕೆಂಡುಗಳಂತೆ ೧೨,೦೯,೬೦,೦೦೦. ಭಾರತದ ಮಧ್ಯರಾತ್ರಿ ಗ್ರೀನಿಚ್ ಮಧ್ಯರಾತ್ರಿಗಿಂತ ಐದೂವರೆ ಗಂಟೆ, ಎಂದರೆ ೧೯,೮೦೦ ಸೆಕೆಂಡು ಮೊದಲು ಬರುವುದರಿಂದ ಅಷ್ಟನ್ನು ಕಳೆದರೆ ಕಾಲಾಂಕ ೧೨,೦೯,೪೦,೨೦೦ ಆಗುತ್ತದೆ. ೧,೪೦೦ನ್ನು ಏಳು ನಿಶ್ಶೇಷವಾಗಿ ಭಾಗಿಸುವುದರಿಂದ, ೧೯೭೦ರ ಜನವರಿ ೧ ಯಾವ ವಾರವೋ ಆ ದಿನವೂ ಅದೇ ವಾರ: ಗುರುವಾರ.

ಈ ಕೆಲಸದಲ್ಲಿ ನಾಲ್ಕು ಹಂತಗಳಿವೆ. ಬರಹದಲ್ಲಿ ಯಾವುದು ದಿನ, ಯಾವುದು ತಿಂಗಳು, ಯಾವುದು ವರ್ಷ ಎಂದು ಬಿಡಿಸುವುದು ಮೊದಲನೆಯದು. ಅವು ಯಾವ ಪಂಚಾಂಗಕ್ಕೆ ಸೇರಿದವೆಂದು ನಿರ್ಧರಿಸುವುದು ಎರಡನೆಯದು. ದಿನಗಳನ್ನು ಎಣಿಸುವುದು ಮೂರನೆಯದು. ಸ್ಥಳದ ವೇಳೆಯನ್ನು ಲೆಕ್ಕಕ್ಕೆ ತರುವುದು ನಾಲ್ಕನೆಯದು. ಇವುಗಳಲ್ಲಿ ಮೂರನೆಯದೊಂದೇ ಶುದ್ಧ ಗಣಿತ. ಉಳಿದ ಮೂರೂ ವ್ಯಾಖ್ಯಾನಗಳು. ಪಾಠನಿರ್ಣಯದಷ್ಟೇ ಎಚ್ಚರವನ್ನು ಬಯಸುವಂಥವು. ಕ್ರಮವಿಧಿಯು ನಾಲ್ಕನ್ನೂ ಒಂದೇ ಆಜ್ಞೆಯಲ್ಲಿ ಮುಗಿಸಿಕೊಡುವುದರಿಂದ ಈ ವ್ಯತ್ಯಾಸ ಮರೆಯಾಗುತ್ತದೆ.

ಹಿಂದಿನ ಕಾಲದ ದಿನಾಂಕಗಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ೧೯೭೦ಕ್ಕೆ ಮೊದಲಿನ ಕಾಲಾಂಕಗಳೆಲ್ಲ ಋಣಸಂಖ್ಯೆಗಳು. ೧೯೪೭ರ ಆಗಸ್ಟ್ ೧೫ರ ಭಾರತೀಯ ಮಧ್ಯರಾತ್ರಿಯ ಕಾಲಾಂಕ ಋಣ ೭೦,೬೩,೩೯,೮೦೦. ಆ ದಿನ ಆದಿಬಿಂದುವಿಗಿಂತ ೮,೧೭೫ ದಿನ ಹಿಂದಿನದು. ಋಣಸಂಖ್ಯೆಯನ್ನು ಭಾಗಿಸಿ ದಿನಕ್ಕೆ ಮರಳುವಾಗ ಭಿನ್ನಾಂಶವನ್ನು ಸುಮ್ಮನೆ ಕತ್ತರಿಸಿಬಿಟ್ಟರೆ ಉತ್ತರವು ಸೊನ್ನೆಯ ಕಡೆಗೆ ಸರಿಯುತ್ತದೆ. ಆಗ ಅದೇ ದಿನ ಮಧ್ಯಾಹ್ನದ ಘಟನೆಯೊಂದು ಆಗಸ್ಟ್ ೧೬ಕ್ಕೆ ಹೋಗಿ ಕೂಡುತ್ತದೆ. ಸಿ ಭಾಷೆಯ ಪೂರ್ಣಾಂಕ ಭಾಗಾಕಾರವು ಹೀಗೆ ಕತ್ತರಿಸುತ್ತದೆ. ಪೈಥಾನ್ ಭಾಷೆಯದು ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಇತಿಹಾಸದ ಕೆಲಸಕ್ಕೆ ಎರಡನೆಯದೇ ಸರಿಯಾದುದು.

೪. ಬರಹವನ್ನು ಬಿಡಿಸುವಲ್ಲಿನ ತೊಡಕುಗಳು

ದಿನ ಮತ್ತು ತಿಂಗಳುಗಳ ಕ್ರಮದ ತೊಡಕನ್ನು ಮೇಲೆ ಕಂಡಿದ್ದೇವೆ. ಎರಡೂ ಸಂಖ್ಯೆಗಳು ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ ಇದ್ದಾಗಲೆಲ್ಲ ಈ ಸಂದಿಗ್ಧ ಉಂಟು. ಆದ್ದರಿಂದ ಬರಹದ ಕ್ರಮವನ್ನು ಊಹಿಸುವ ಕ್ರಮವಿಧಿಗಳನ್ನು ಬಳಸದೆ, ಕ್ರಮವನ್ನು ನಾವೇ ಸ್ಪಷ್ಟವಾಗಿ ವಿಧಿಸಿ, ಅದಕ್ಕೆ ಹೊಂದದ ಬರಹವನ್ನು ತಿರಸ್ಕರಿಸುವಂತೆ ಮಾಡುವುದು ಕ್ಷೇಮ. ತಿರಸ್ಕೃತವಾದ ಬರಹವನ್ನು ಸಂಶೋಧಕನು ಕಣ್ಣಿಟ್ಟು ನೋಡುತ್ತಾನೆ. ತಪ್ಪಾಗಿ ಸ್ವೀಕೃತವಾದುದನ್ನು ಯಾರೂ ನೋಡುವುದಿಲ್ಲ.

ಎರಡನೆಯದು ಎರಡೇ ಅಂಕಿಗಳ ವರ್ಷ. ೧೫-೮-೪೭ ಎಂದು ಬರೆದವರಿಗೆ ಶತಮಾನದ ವಿಷಯದಲ್ಲಿ ಸಂದೇಹವಿರಲಿಲ್ಲ. ಆದರೆ ಪೋಸಿಕ್ಸ್ ನಿಯಮದಂತೆ ೬೯ರಿಂದ ೯೯ರವರೆಗಿನ ಸಂಖ್ಯೆಗಳು ಇಪ್ಪತ್ತನೆಯ ಶತಮಾನಕ್ಕೂ ೦೦ಯಿಂದ ೬೮ರವರೆಗಿನವು ಇಪ್ಪತ್ತೊಂದನೆಯ ಶತಮಾನಕ್ಕೂ ಸಲ್ಲುತ್ತವೆ. ಪೈಥಾನ್ ಕೂಡ ಇದನ್ನೇ ಅನುಸರಿಸುತ್ತದೆ. ಹೀಗೆ ಸ್ವಾತಂತ್ರ್ಯೋದಯದ ಪತ್ರವು ೨೦೪೭ಕ್ಕೂ ಏಕೀಕರಣದ ವರ್ಷದ ವರದಿಯು ೨೦೫೬ಕ್ಕೂ ಸೇರಿ, ಕಳೆದ ಶತಮಾನದ ಪೂರ್ವಾರ್ಧವೆಲ್ಲ ಭವಿಷ್ಯಕ್ಕೆ ವರ್ಗವಾಗುತ್ತದೆ.

ಮೂರನೆಯದು ಕನ್ನಡದ ಅಂಕಿಗಳು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಹತ್ತು ಅಂಕಿಗಳಿಗೂ ಪ್ರತ್ಯೇಕ ಸಂಕೇತಗಳಿವೆ. ಪೈಥಾನ್ ಭಾಷೆ ೧೯೫೬ ಎಂಬ ಕನ್ನಡ ಬರಹವನ್ನು ನೇರವಾಗಿ ಪೂರ್ಣಾಂಕವಾಗಿ ಓದಬಲ್ಲದು, ಜಾವಾಸ್ಕ್ರಿಪ್ಟ್ ಓದಲಾರದು. ಆದುದರಿಂದ ಬಿಡಿಸುವ ಮೊದಲೇ ಅಂಕಿಗಳನ್ನೆಲ್ಲ ಒಂದು ರೂಪಕ್ಕೆ ತಂದುಕೊಳ್ಳಬೇಕು. ಇದಕ್ಕಿಂತ ಮೋಸಕರವಾದುದು ಸೊನ್ನೆಯ ಸ್ಥಾನದಲ್ಲಿ ಅನುಸ್ವಾರವನ್ನು ಬೆರಳಚ್ಚು ಮಾಡುವ ಅಭ್ಯಾಸ. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಒಂದು ಅಂಕಿ, ಇನ್ನೊಂದು ಅಕ್ಷರಚಿಹ್ನೆ. ಮಾಸಿದ ಮುದ್ರಣದಲ್ಲಿ ೬ ಮತ್ತು ೯ ಒಂದಕ್ಕೊಂದು ಬದಲಾಗುವುದನ್ನೂ ನೆನಪಿಡಬೇಕು. ತಿಂಗಳ ಹೆಸರುಗಳಲ್ಲಿಯೂ ಏಕರೂಪತೆಯಿಲ್ಲ: ಏಪ್ರಿಲ್, ಎಪ್ರಿಲ್, ಅಪ್ರೀಲ, ಆಗಸ್ಟ್, ಆಗಷ್ಟ, ಅಗೋಸ್ತು. ಸಾಮಗ್ರಿಯಲ್ಲಿ ದೊರೆತ ರೂಪಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೂಡಿಹಾಕಿ ಕ್ರಮವಿಧಿಗೆ ಒದಗಿಸುವುದೊಂದೇ ದಾರಿ. ಈ ಪಟ್ಟಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಬಹುದು.

೫. ಸ್ಥಳ ಮತ್ತು ವೇಳೆ

ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದದ್ದು ೧೯೦೬ರ ಜನವರಿ ೧ರಂದು. ಅದಕ್ಕೆ ಮೊದಲು ರೈಲ್ವೆಗಳು ಮದ್ರಾಸ್ ವೇಳೆಯನ್ನು ಅನುಸರಿಸುತ್ತಿದ್ದವು. ಅದು ಗ್ರೀನಿಚ್‌ಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಮುಂದಿತ್ತು. ೧೯೦೬ರ ಅನಂತರವೂ ಕಲ್ಕತ್ತೆಯಲ್ಲಿ ೧೯೪೮ರವರೆಗೆ, ಮುಂಬಯಿಯಲ್ಲಿ ೧೯೫೫ರವರೆಗೆ ಸ್ಥಳೀಯ ವೇಳೆ ಬಳಕೆಯಲ್ಲಿ ಉಳಿಯಿತು. ಮುಂಬಯಿ ವೇಳೆ ಪ್ರಮಾಣ ವೇಳೆಗಿಂತ ಮೂವತ್ತೊಂಬತ್ತು ನಿಮಿಷ ಹಿಂದೆ. ಆ ವೇಳೆಯಂತೆ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಮುಗಿದ ಸಭೆಯೊಂದು ಪ್ರಮಾಣ ವೇಳೆಯಂತೆ ಮರುದಿನ ೧೨ ಗಂಟೆ ೧೯ ನಿಮಿಷಕ್ಕೆ ಮುಗಿದಂತಾಗುತ್ತದೆ. ಇದಲ್ಲದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರ ಸೆಪ್ಟೆಂಬರ್ ೧ರಿಂದ ೧೯೪೫ರ ಅಕ್ಟೋಬರ್ ೧೫ರವರೆಗೆ, ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಗಣಕವ್ಯವಸ್ಥೆಗಳು ಬಳಸುವ ಕಾಲವಲಯಗಳ ಕೋಶದಲ್ಲಿ ಭಾರತಕ್ಕೆ ಕೋಲ್ಕತ್ತದ ಹೆಸರಿನ ಒಂದೇ ವಲಯವಿದೆ. ಯುದ್ಧಕಾಲದ ಬದಲಾವಣೆ ಅದರಲ್ಲಿ ದಾಖಲಾಗಿದೆ. ಮುಂಬಯಿಯ ವೇಳೆ ದಾಖಲಾಗಿಲ್ಲ.

ವೇಳೆಯೇ ಇಲ್ಲದ ದಿನಾಂಕಗಳಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ೧೯೫೬ರ ನವೆಂಬರ್ ೧ ಎಂಬ ಬರಹದಲ್ಲಿ ಗಂಟೆಯಿಲ್ಲ. ಕ್ರಮವಿಧಿಯು ಅದಕ್ಕೆ ಮಧ್ಯರಾತ್ರಿಯನ್ನು ತುಂಬಿ ಭಾರತದ ವೇಳೆಯಿಂದ ಗ್ರೀನಿಚ್ ವೇಳೆಗೆ ಒಯ್ದರೆ ಅದು ಅಕ್ಟೋಬರ್ ೩೧ರ ಸಂಜೆ ಆರೂವರೆಯಾಗುತ್ತದೆ. ಸೂಚಿಯನ್ನು ಗ್ರೀನಿಚ್ ವೇಳೆಯಲ್ಲಿ ಮುದ್ರಿಸಿದರೆ ರಾಜ್ಯೋದಯವು ಒಂದು ದಿನ ಹಿಂದಕ್ಕೆ ಸರಿದಿರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿಯಂತೂ ವರ್ಷ-ತಿಂಗಳು-ದಿನ ಎಂಬ ಪ್ರಮಾಣಕ್ರಮದ ಬರಹವನ್ನು ಮಾತ್ರ ಕೊಟ್ಟರೆ ಗ್ರೀನಿಚ್ ಮಧ್ಯರಾತ್ರಿಯೆಂದೂ, ಅದಕ್ಕೇ ಗಂಟೆಯನ್ನು ಸೇರಿಸಿ ಕೊಟ್ಟರೆ ಸ್ಥಳೀಯ ವೇಳೆಯೆಂದೂ ಅರ್ಥವಾಗುತ್ತದೆ. ಹೀಗಾಗಿ ಬರಿಯ ದಿನಾಂಕಗಳಿಗೆ ಸೆಕೆಂಡುಗಳ ಕಾಲಾಂಕವನ್ನು ಬಳಸಲೇಬಾರದೆಂಬುದು ನಮ್ಮ ಅಭಿಪ್ರಾಯ. ದಿನವನ್ನು ಮಾತ್ರ ಹೇಳುವ ಬರಹಕ್ಕೆ ದಿನಸಂಖ್ಯೆಯೇ ತಕ್ಕ ಪ್ರತಿರೂಪ.

೬. ಸಂಖ್ಯೆಯ ಮಿತಿ

ಮೂವತ್ತೆರಡು ದ್ವಿಮಾನ ಸ್ಥಾನಗಳಲ್ಲಿ ಶೇಖರಿಸಿದ ಸೆಕೆಂಡುಗಳ ಎಣಿಕೆ ೨೦೩೮ರ ಜನವರಿ ೧೯ರಂದು ಮುಗಿದುಹೋಗುತ್ತದೆಂಬುದು ಪ್ರಸಿದ್ಧವಾದ ಸಂಗತಿ. ಕನ್ನಡ ಸಂಶೋಧಕನಿಗೆ ಅದಕ್ಕಿಂತ ಮುಖ್ಯವಾದುದು ಅದರ ಇನ್ನೊಂದು ತುದಿ. ಆ ಎಣಿಕೆ ೧೯೦೧ರ ಡಿಸೆಂಬರ್ ೧೩ಕ್ಕಿಂತ ಹಿಂದಕ್ಕೆ ಹೋಗಲಾರದು. ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಪತ್ರಿಕೆಯ ಮೊದಲ ಸಂಚಿಕೆಯ ದಿನಾಂಕ ೧೮೪೩ರ ಜುಲೈ ೧. ಇದು ಆದಿಬಿಂದುವಿಗಿಂತ ೪೬,೨೦೫ ದಿನ ಹಿಂದಿನದು. ಸೆಕೆಂಡುಗಳಲ್ಲಿ ಋಣ ೩,೯೯,೨೧,೧೨,೦೦೦. ಮೂವತ್ತೆರಡು ಸ್ಥಾನಗಳಲ್ಲಿ ಈ ಸಂಖ್ಯೆ ಹಿಡಿಸದೆ ಸುತ್ತಿಬಂದರೆ ದೊರೆಯುವ ದಿನಾಂಕ ೧೯೭೯ರ ಆಗಸ್ಟ್ ೭. ಕನ್ನಡದ ಮೊದಲ ಪತ್ರಿಕೆಯು ಹೀಗೆ ನೂರಮೂವತ್ತಾರು ವರ್ಷ ಕಿರಿಯದಾಗಿಬಿಡಬಹುದು. ಅರುವತ್ತನಾಲ್ಕು ಸ್ಥಾನಗಳ ಇಂದಿನ ವ್ಯವಸ್ಥೆಗಳಲ್ಲಿ ಈ ತೊಡಕಿಲ್ಲ. ಆದರೆ ಹಳೆಯ ದತ್ತಾಂಶಕೋಶಗಳಿಂದ ಸಾಮಗ್ರಿಯನ್ನು ಎತ್ತಿಕೊಳ್ಳುವಾಗ ಪರಿಶೀಲಿಸಬೇಕು.

ಸಂಶೋಧಕರಲ್ಲಿ ಅನೇಕರು ಬಳಸುವ ಎಕ್ಸೆಲ್ ಕೋಷ್ಟಕಗಳಿಗೂ ಇಂಥ ಮಿತಿಯಿದೆ. ಅವು ದಿನಗಳನ್ನು ೧೯೦೦ರ ಜನವರಿ ೧ರಿಂದ ಎಣಿಸುತ್ತವೆ. ಅದಕ್ಕೂ ಹಿಂದಿನ ದಿನಾಂಕವು ಬರಿಯ ಬರಹವಾಗಿಯೇ ಉಳಿದು, ಜೋಡಣೆಯಲ್ಲಿ ಸಂಖ್ಯೆಗಳ ಗುಂಪಿನಿಂದ ಹೊರಗೆ ಬೀಳುತ್ತದೆ. ಮೇಲಾಗಿ, ಅಧಿಕವರ್ಷವಲ್ಲದ ೧೯೦೦ನೆಯ ಇಸವಿಗೆ ಅವು ಫೆಬ್ರವರಿ ೨೯ನ್ನು ಕಲ್ಪಿಸಿವೆ.

೭. ಪಂಚಾಂಗದ ನಿರ್ಣಯ

ಗಣಕದ ಸಾಮಾನ್ಯ ಕ್ರಮವಿಧಿಗಳು ಗ್ರೆಗೋರಿಯನ್ ಪಂಚಾಂಗವನ್ನು ಅದು ಹುಟ್ಟುವ ಮೊದಲಿನ ಕಾಲಕ್ಕೂ ಹಿಂದಕ್ಕೆ ಚಾಚುತ್ತವೆ. ಆದರೆ ೧೫೮೨ಕ್ಕೆ ಮೊದಲಿನ ಘಟನೆಗಳಿಗೆ ಇತಿಹಾಸಕಾರರು ಕೊಡುವ ದಿನಾಂಕಗಳು ರೂಢಿಯಂತೆ ಜೂಲಿಯನ್ ಪಂಚಾಂಗದವು. ವಿಜಯನಗರದ ಸೋಲಿಗೆ ಕಾರಣವಾದ ತಾಳಿಕೋಟೆಯ ಯುದ್ಧಕ್ಕೆ ರಾಬರ್ಟ್ ಸೀವೆಲ್ ಕೊಟ್ಟಿರುವ ದಿನಾಂಕ ೧೫೬೫ರ ಜನವರಿ ೨೩, ಮಂಗಳವಾರ. ಜೂಲಿಯನ್ ಪಂಚಾಂಗದಂತೆ ಇದರ ದಿನಸಂಖ್ಯೆ ೨೨,೯೨,೬೯೭; ಅದು ಮಂಗಳವಾರವೇ. ಇದೇ ಬರಹವನ್ನು ಸಾಮಾನ್ಯ ಕ್ರಮವಿಧಿಗೆ ಕೊಟ್ಟರೆ ಹತ್ತು ದಿನ ಹಿಂದಿನ ಸಂಖ್ಯೆ ಬರುತ್ತದೆ, ವಾರವು ಶನಿವಾರವಾಗುತ್ತದೆ. ಇಲ್ಲಿಯೂ ವಾರವೇ ಸಾಕ್ಷಿ. ಆಂಗ್ಲರು ೧೭೫೨ರವರೆಗೆ ಹಳೆಯ ಪಂಚಾಂಗವನ್ನೇ ಬಳಸುತ್ತಿದ್ದರು. ಗೋವೆಯ ಪೋರ್ಚುಗೀಸರ ದೇಶದಲ್ಲಿ ಹೊಸದು ೧೫೮೨ರಲ್ಲಿಯೇ ಜಾರಿಗೆ ಬಂದಿತ್ತು. ಒಂದೇ ಕರಾವಳಿಯ ಬಗೆಗೆ ಇಬ್ಬರೂ ಬರೆದ ಪತ್ರಗಳನ್ನು ಜೋಡಿಸುವವರು ಈ ಅಂತರವನ್ನು ಮರೆಯುವಂತಿಲ್ಲ.

ನಮ್ಮ ಗ್ರಂಥಗಳ ಮುಖಪುಟದಲ್ಲಿ ಕೆಲವೊಮ್ಮೆ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಈಚಿನ ಶತಮಾನಗಳ ದಕ್ಷಿಣದ ಪದ್ಧತಿಯಲ್ಲಿ ಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರುವತ್ತರಿಂದ ಭಾಗಿಸಿದರೆ ಉಳಿಯುವ ಶೇಷವು ಪ್ರಭವದಿಂದ ಎಣಿಸಿದ ಸಂವತ್ಸರದ ಸ್ಥಾನವನ್ನು ಕೊಡುತ್ತದೆ. ಶಕ ೧೮೬೯ಕ್ಕೆ ಶೇಷ ೨೧, ಸರ್ವಜಿತು. ಆದರೆ ವಿಲೋಮವಾಗಿ ಹೋದಾಗ ಉತ್ತರ ಒಂದಲ್ಲ: ಸರ್ವಜಿತು ಸಂವತ್ಸರ ೧೮೮೭ರಲ್ಲಿಯೂ ಬಂದಿತ್ತು, ೧೯೪೭ರಲ್ಲಿಯೂ ೨೦೦೭ರಲ್ಲಿಯೂ ಬಂದಿತ್ತು. ಮೇಲಾಗಿ ಸಂವತ್ಸರವು ಯುಗಾದಿಯಿಂದ ಯುಗಾದಿಗೆ ಸಾಗುವುದರಿಂದ ೧೯೪೭ರ ಸರ್ವಜಿತುವಿನ ಮಾಘಮಾಸ ೧೯೪೮ಕ್ಕೆ ಸೇರುತ್ತದೆ. 'ಶಕ ೧೮೭೯ ಚೈತ್ರ ೧' ಎಂಬ ಬರಹದಲ್ಲಿಯೂ ಎರಡು ಅರ್ಥಗಳಿಗೆ ಎಡೆಯಿದೆ. ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗದಲ್ಲಿ ಅದು ೧೯೫೭ರ ಮಾರ್ಚ್ ೨೨; ಚಾಂದ್ರಮಾನ ಪಂಚಾಂಗದಲ್ಲಿ ಅಮಾವಾಸ್ಯೆಯನ್ನು ಅವಲಂಬಿಸಿ ಬೇರೆ ದಿನ.

ಫಸಲಿ ವರ್ಷದ್ದು ಹೊರನಾಡಿನ ಸಂಶೋಧಕರಿಗೆ ವಿಶೇಷವಾಗಿ ಎದುರಾಗುವ ಪ್ರಶ್ನೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ, ಗುಲಬರ್ಗಾ, ರಾಯಚೂರುಗಳ ಕಡತಗಳಲ್ಲಿ ಕಾಣುವ ಫಸಲಿ ೧೩೫೭ ಆರಂಭವಾಗುವುದು ೧೯೪೭ರ ಅಕ್ಟೋಬರಿನಲ್ಲಿ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದ ಕಂದಾಯ ಕಡತಗಳ ಫಸಲಿ ೧೩೫೭ ಆರಂಭವಾಗುವುದು ೧೯೪೭ರ ಜುಲೈ ೧ರಂದು. ಸಂಖ್ಯೆ ಒಂದೇ, ಅವಧಿ ಎರಡು. ಹೈದರಾಬಾದಿನಲ್ಲಿಯೂ ಚೆನ್ನೈಯಲ್ಲಿಯೂ ಕೆಲಸ ಮಾಡುವವರು ತಮ್ಮ ಸೂಚಿಗಳನ್ನು ಒಂದುಗೂಡಿಸುವಾಗ ಕಡತವು ಯಾವ ಆಡಳಿತದ್ದೆಂಬ ಮಾಹಿತಿ ಇಲ್ಲದಿದ್ದರೆ ಮೂರು ತಿಂಗಳ ವ್ಯತ್ಯಾಸ ತಾನಾಗಿ ಒಳಸೇರುತ್ತದೆ.

ಶಾಸನಗಳ ತಿಥಿವಾರಗಳನ್ನು ಪರಿಶೀಲಿಸಲು ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಪ್ರಕಟಿಸಿದ ಗ್ರಂಥವೂ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳೂ ಈ ಕ್ಷೇತ್ರದಲ್ಲಿ ಇಂದಿಗೂ ಆಧಾರಗಳು. ಶಾಸನದಲ್ಲಿ ಹೇಳಿದ ಶಕವರ್ಷವು ಗತವೋ ವರ್ತಮಾನವೋ ಎಂಬ ಪ್ರಶ್ನೆಯನ್ನು ತಿಥಿ ಮತ್ತು ವಾರಗಳ ಹೊಂದಾಣಿಕೆಯಿಂದ ಬಿಡಿಸುವ ಕ್ರಮವನ್ನು ಈ ವಿದ್ವಾಂಸರು ಅನುಸರಿಸಿದರು. ಶಾಸನಕವಿಗಳು ಒಂದೇ ದಿನವನ್ನು ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಅನೇಕ ಬಗೆಯಲ್ಲಿ ಹೇಳಿದ್ದರಿಂದಲೇ ನಮಗೆ ಇಂದು ಪರಿಶೀಲನೆ ಸಾಧ್ಯವಾಗಿದೆ. ಗಣಕಸೂಚಿಯು ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಪುನರುಕ್ತಿಯೆಂದು ತೊರೆದರೆ, ಮುಂದಿನವರಿಗೆ ತಿದ್ದುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

೮. ಖಚಿತತೆಯ ಪ್ರಮಾಣ

ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಿಕೇಶಿಯ ಶಾಸನದಲ್ಲಿ ಶಕ ೪೬೫ ಎಂಬ ವರ್ಷನಿರ್ದೇಶ ಮಾತ್ರವಿದೆ. ಅದೇ ಊರಿನ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದಲ್ಲಿ ಶಕ ೫೦೦ರ ಕಾರ್ತಿಕ ಪೌರ್ಣಮಿಯೆಂದು ದಿನದ ನಿರ್ದೇಶವೇ ಇದೆ. ಮೊದಲನೆಯದು ಒಂದು ವರ್ಷದಷ್ಟು ಅಗಲವಾದ ಅವಧಿ. ಎರಡನೆಯದು ಒಂದು ದಿನ. ಇವೆರಡಕ್ಕೂ ಒಂದೊಂದೇ ಕಾಲಾಂಕ ಕೊಟ್ಟರೆ ಈ ಅಂತರ ಅಳಿಸಿಹೋಗುತ್ತದೆ. ಮುದ್ರಿತ ಗ್ರಂಥಗಳಲ್ಲಿ ಇದು ಇನ್ನೂ ಸಾಮಾನ್ಯ. ಮುಖಪುಟದಲ್ಲಿ ೧೯೫೧ ಎಂದಷ್ಟೇ ಇದ್ದರೆ ಅನೇಕ ಕ್ರಮವಿಧಿಗಳು ಜನವರಿ ೧ನ್ನು ತುಂಬುತ್ತವೆ. ಕೆಲವು, ಲೆಕ್ಕ ಮಾಡಿದ ದಿನದ ತಿಂಗಳು ತಾರೀಖುಗಳನ್ನೇ ತುಂಬುತ್ತವೆ. ಅನಂತರ ರಚಿಸಿದ ನಕ್ಷೆಯಲ್ಲಿ ಪ್ರತಿ ವರ್ಷ ಜನವರಿ ೧ರಂದು ಕನ್ನಡದ ಪ್ರಕಟಣೆ ಉಕ್ಕಿ ಹರಿದಂತೆ ತೋರುತ್ತದೆ.

ಇದಕ್ಕೆ ಪರಿಹಾರ ಕಠಿನವಲ್ಲ. ಒಂದು ಸಂಖ್ಯೆಯ ಬದಲು ಎರಡು ಸಂಖ್ಯೆಗಳನ್ನು, ಎಂದರೆ ಅವಧಿಯ ಆದಿ ಮತ್ತು ಅಂತ್ಯಗಳನ್ನು ಬರೆಯಬೇಕು. ೧೯೫೧ ಎಂಬುದಕ್ಕೆ ೨೪,೩೩,೬೪೮ ಮತ್ತು ೨೪,೩೪,೦೧೨. ೧೯೫೧ರ ಏಪ್ರಿಲ್ ೯ಕ್ಕೆ ಎರಡು ಅಂಕಣಗಳಲ್ಲಿಯೂ ೨೪,೩೩,೭೪೬. ಆಗ ಒಂದು ಕೃತಿ ಇನ್ನೊಂದಕ್ಕಿಂತ ಹಿಂದಿನದೆಂದು ಹೇಳಲು ಒಂದರ ಅಂತ್ಯವು ಇನ್ನೊಂದರ ಆದಿಗಿಂತ ಮೊದಲಿರಬೇಕು. ಅವಧಿಗಳು ಒಂದರೊಳಗೊಂದು ಸೇರಿದ್ದರೆ ಪೂರ್ವಾಪರವನ್ನು ಹೇಳಲಾಗದೆಂದು ಗಣಕವೇ ತಿಳಿಸುತ್ತದೆ. ದಿನಾಂಕಗಳ ಅಂತರರಾಷ್ಟ್ರೀಯ ಪ್ರಮಾಣವಾದ ಐಎಸ್‌ಒ ೮೬೦೧ ಕೂಡ ೨೦೧೯ರ ಎರಡನೆಯ ಭಾಗದಲ್ಲಿ ಅನಿಶ್ಚಿತ ಮತ್ತು ಅಂದಾಜು ದಿನಾಂಕಗಳನ್ನು ಬರೆಯುವ ರೀತಿಯನ್ನು ಒಳಗೊಂಡಿದೆ.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಗಣಕಸೂಚಿಯ ಪ್ರತಿಯೊಂದು ದಾಖಲೆಗೂ ಐದು ಅಂಕಣಗಳು ಅವಶ್ಯವೆಂದು ನಮಗೆ ತೋರುತ್ತದೆ. ಮೊದಲನೆಯದು, ಮೂಲದಲ್ಲಿರುವ ದಿನಾಂಕದ ಬರಹ. ವಾರ, ತಿಥಿ, ಕಾಗುಣಿತದ ದೋಷಗಳೂ ಸೇರಿದಂತೆ ಇದ್ದುದು ಇದ್ದಂತೆ. ಎರಡನೆಯದು, ಯಾವ ಪಂಚಾಂಗ, ಯಾವ ಸ್ಥಳ ಎಂಬುದರ ನಿರ್ದೇಶ. ಮೂರನೆಯದು ಮತ್ತು ನಾಲ್ಕನೆಯದು, ಅವಧಿಯ ಆದಿ ಅಂತ್ಯಗಳ ದಿನಸಂಖ್ಯೆಗಳು. ಐದನೆಯದು, ಈ ನಿರ್ಣಯದ ಆಧಾರ: ಮೂಲದಲ್ಲಿಯೇ ಇದೆಯೇ, ಅಂಚೆ ಮುದ್ರೆಯಿಂದ ತಿಳಿದುದೇ, ಸಂಪಾದಕರ ಊಹೆಯೇ ಎಂಬುದು. ಗಂಟೆ ನಿಮಿಷಗಳು ನಿಜವಾಗಿ ದೊರೆತಾಗ ಮಾತ್ರ ಸೆಕೆಂಡುಗಳ ಕಾಲಾಂಕವನ್ನು ಪ್ರತ್ಯೇಕವಾಗಿ ಸೇರಿಸಬಹುದು.

ಪರಿವರ್ತನೆಯ ಕ್ರಮವಿಧಿಯನ್ನು ಸಾಮಗ್ರಿಗೆ ಅನ್ವಯಿಸುವ ಮೊದಲು ಮೂರು ಪರೀಕ್ಷೆಗಳಿಗೆ ಒಡ್ಡಬೇಕು. ದಿನಸಂಖ್ಯೆಯನ್ನು ಮತ್ತೆ ಬರಹಕ್ಕೆ ತಿರುಗಿಸಿದಾಗ ಮೊದಲಿನ ದಿನಾಂಕವೇ ಬರುತ್ತದೆಯೇ? ೧೯೦೦ರ ಫೆಬ್ರವರಿಯ 'ಇಪ್ಪತ್ತೊಂಬತ್ತನ್ನು' ತಿರಸ್ಕರಿಸಿ, ೨೦೦೦ದ ಫೆಬ್ರವರಿ ೨೯ನ್ನು ಸ್ವೀಕರಿಸಿ, ೧೯೬೯ರ ಡಿಸೆಂಬರ್ ೩೧ಕ್ಕೆ ಆದಿಯಿಂದ ಋಣ ಒಂದು ಎಂಬ ದಿನವನ್ನು ಅದು ಕೊಡುತ್ತದೆಯೇ? ವಾರ ಗೊತ್ತಿರುವ ದಾಖಲೆಗಳಲ್ಲಿ ಲೆಕ್ಕದ ವಾರವು ಮೂಲದ ವಾರದೊಂದಿಗೆ ಹೊಂದುತ್ತದೆಯೇ? ಮೂರನೆಯ ಪರೀಕ್ಷೆಯಲ್ಲಿ ಹೊಂದದೆ ಉಳಿಯುವ ದಾಖಲೆಗಳನ್ನು ದೋಷವೆಂದು ತಳ್ಳಿಹಾಕದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಅವುಗಳಲ್ಲಿ ಕೆಲವು ನಕಲುಗಾರರ ತಪ್ಪುಗಳಾಗಿರುತ್ತವೆ. ಕೆಲವು ನಾವು ತಪ್ಪಾಗಿ ಊಹಿಸಿದ ಪಂಚಾಂಗದ ಸುಳಿವುಗಳಾಗಿರುತ್ತವೆ.

ಮೊದಲು ಹೇಳಿದ ಪತ್ರಸಂಗ್ರಹವನ್ನು ನಾವು ಈ ಕ್ರಮದಲ್ಲಿ ಪುನಃ ಸಿದ್ಧಪಡಿಸಿದ್ದೇವೆ. ಏಪ್ರಿಲ್ ೯ರಂದು ಮುಂಬಯಿಯಿಂದ ಹೊರಟ ಪತ್ರಕ್ಕೆ ನಾಲ್ಕು ದಿನಗಳಲ್ಲಿ ಧಾರವಾಡದಿಂದ ಉತ್ತರ ಹೊರಟಿದೆ. ಮೊದಲು ಕೈಚಾಚಿದವರು ಹೊರನಾಡಿನ ಲೇಖಕರೇ. ಪ್ರಬಂಧದ ಆ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು. ಹೊರನಾಡಿನ ಕನ್ನಡಿಗರ ಸಾಂಸ್ಕೃತಿಕ ಇತಿಹಾಸವು ಇನ್ನೂ ಬಹುಮಟ್ಟಿಗೆ ಇಂಥ ಬಿಡಿಪತ್ರಗಳಲ್ಲಿಯೇ ಇರುವುದರಿಂದ, ಯಾರು ಮೊದಲು, ಯಾರು ಅನಂತರ ಎಂಬ ಪ್ರಶ್ನೆ ಇಲ್ಲಿ ಅಲ್ಪವಾದುದಲ್ಲ. ತಮ್ಮಲ್ಲಿರುವ ಸಾಮಗ್ರಿಯನ್ನು ಗಣಕಕ್ಕೆ ಇಳಿಸುತ್ತಿರುವ ಸಂಶೋಧಕ ಮಿತ್ರರು ದಿನಾಂಕದ ಪಕ್ಕದಲ್ಲಿರುವ ವಾರವನ್ನೂ ದಯವಿಟ್ಟು ನಕಲು ಮಾಡಿಕೊಳ್ಳಬೇಕೆಂದು ಕೋರುತ್ತೇವೆ.